ಗೋಡೆಯ ಮೇಲೆ ಮೀನು, ಎಲೆಯ ಮೇಲೆ ಹೋಳಿಗೆ

ಈಜಿಪ್ಟಿನ ಹಳೆಯ ಗೋರಿಗಳ ಗೋಡೆಯ ಮೇಲೆ ಒಂದೇ ಸಂಸಾರದ ಚಿತ್ರವನ್ನು ಮತ್ತೆ ಮತ್ತೆ ಬರೆದಿದ್ದಾರೆ. ಜೊಂಡಿನ ದೋಣಿ. ಅದರ ಮೇಲೆ ಯಜಮಾನರು, ಉಳಿದವರೆಲ್ಲರಿಗಿಂತ ಮೂರು ಪಟ್ಟು ದೊಡ್ಡವರು. ಒಂದು ಕಡೆ ಹಾರುವ ಬಾತುಗಳ ಮೇಲೆ ಬೀಸಲು ಬಾಗಿದ ಕೋಲು ಎತ್ತಿ ನಿಂತಿದ್ದಾರೆ. ಇನ್ನೊಂದು ಕಡೆ ಅದೇ ಯಜಮಾನರು ಭರ್ಜಿ ಹಿಡಿದು ನೀರಿಗೆ ತಿವಿಯುತ್ತಿದ್ದಾರೆ, ಒಂದೇ ತಿವಿತಕ್ಕೆ ಎರಡು ಮೀನು. ಎರಡಕ್ಕೆ ಕಡಿಮೆ ಬರೆದಿದ್ದರೆ ಚಿತ್ರಗಾರನ ನೌಕರಿ ಏನಾಗುತ್ತಿತ್ತೋ. ಅವರ ಬೆನ್ನಿಗೆ ಹೆಂಡತಿ. ಮದುವೆಗೆ ಹೊರಟವಳ ಹಾಗೆ ನೆರಿಗೆ ಹಿಡಿದ ಬಿಳಿಯ ನಾರುಬಟ್ಟೆ, ಕೊರಳ ತುಂಬ ಮಣಿ, ತಲೆಯ ಮೇಲೆ ಸುಗಂಧದ ಮೇಣದ ಮುದ್ದೆ. ಕೆಸರು, ಸೊಳ್ಳೆ, ಮೊಸಳೆ, ನೀರುಕುದುರೆಗಳ ನಡುವೆ ಆಕೆ ಫುಲ್ ಮೇಕಪ್‌ನಲ್ಲಿ ನಿಂತು ಮಾಡುವ ಕೆಲಸ ಒಂದೇ. ಗಂಡ ನೀರಿಗೆ ಬೀಳದಂತೆ ಸೊಂಟ ಹಿಡಿದುಕೊಳ್ಳುವುದು.

ಈ ಚಿತ್ರವನ್ನು ಮೊದಲು ನೋಡಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ, ಎಂಟನೇ ಕ್ಲಾಸಿನ ಹಿಸ್ಟರಿ ಪೀರಿಯಡ್‌ನಲ್ಲಿ. ಪುಸ್ತಕ ಎತ್ತಿ ಹಿಡಿದು ನಮ್ಮ ಸಿಸ್ಟರ್, ಗರ್ಲ್ಸ್, ಲುಕ್ ಅಟ್ ಹರ್ ಪೋಸ್ಚರ್ ಎಂದರು. ಮೂರೂವರೆ ಸಾವಿರ ವರ್ಷದ ಹಿಂದಿನ ಬೇಟೆಯಿಂದ ಹೆಣ್ಣುಮಕ್ಕಳು ಕಲಿಯಬೇಕಾದದ್ದು ಬೆನ್ನು ನೆಟ್ಟಗಿಡುವುದನ್ನು. ಕಲಿತೆವು. ಈಗ ನನಗೆ ಎಪ್ಪತ್ತೊಂದು. ಬೆನ್ನು ಇನ್ನೂ ನೆಟ್ಟಗಿದೆ. ಮೊಣಕಾಲು ಸಿಲಬಸ್‌ನಲ್ಲಿ ಇರಲಿಲ್ಲ.

ಹೋದ ವರ್ಷ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದವರು ತಿಂಗಳ ಉಪನ್ಯಾಸಕ್ಕೆ ನನ್ನನ್ನು ಕರೆದರು. ಕರೆದರು ಎಂದರೆ, ಸಿರಿಧಾನ್ಯದ ಡಾಕ್ಟರು ಕೈಕೊಟ್ಟರು, ಮೊಣಕಾಲಿನ ಡಾಕ್ಟರು ಅದರ ಹಿಂದಿನ ತಿಂಗಳೇ ಬಂದು ಹೋಗಿದ್ದರು, ಉಳಿದವಳು ನಾನು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಅಲ್ಲಿಂದ ನಾಲ್ಕು ಹೆಜ್ಜೆ ದೂರದ ಹಳೇ ಪುಸ್ತಕದವನ ಹತ್ತಿರ ಈಜಿಪ್ಟಿನ ಚಿತ್ರಗಳ ದಪ್ಪ ಪುಸ್ತಕವೊಂದು ಸಿಕ್ಕಿತ್ತು. ಒಂದು ಮೂಲೆ ಇಲಿ ತಿಂದಿತ್ತು, ಅದೃಷ್ಟಕ್ಕೆ ಫೆರೋಗಳ ವಂಶಾವಳಿಯ ಮೂಲೆ. ಬೇಟೆ, ಮೀನು, ಬಲೆ, ದೋಣಿ ಎಲ್ಲ ಅಚ್ಚುಕಟ್ಟಾಗಿ ಉಳಿದಿದ್ದವು. ವಿಷಯ ಅದೇ ಇರಲಿ ಎಂದೆ.

ಅಧ್ಯಕ್ಷಿಣಿಯವರಿಗೆ ಗಾಬರಿಯಾಯಿತು. ಕಲಬುರ್ಗಿಯ ಕಡೆಯಿಂದ ಬಂದ ಬಟ್ಟೆ ವ್ಯಾಪಾರದ ಮನೆತನ, ನಮ್ಮಂತೆಯೇ ಈರುಳ್ಳಿಗೂ ಪಂಚಾಂಗ ನೋಡುವವರು. ಎರಡು ದಿನ ಬಿಟ್ಟು ಫೋನ್ ಮಾಡಿದರು.

"ಮೇಡಂ, ಆವತ್ತ ಏಕಾದಶಿ ಐತ್ರಿ. ಮೀನ ಕಾಣದಂಗ ತೋರಸಾಕ ಬರತೈತೇನ್ರಿ?"

ಮೀನು ಹಿಡಿಯುವ ಚಿತ್ರದಲ್ಲಿ ಮೀನು ಕಾಣದಿದ್ದರೆ ಉಳಿಯುವುದು ಒಬ್ಬ ಗಂಡಸು ಕೋಲು ಹಿಡಿದು ನೀರಿಗೆ ಬೈಯುವ ದೃಶ್ಯ ಎಂದೆ. ಹಾಗಾದರೆ ಬರೀ ಬೇಟೆ ಇಡಿ ಎಂದರು, ಬೇಟೆ ರಾಜರು ಆಡುವಂಥದ್ದು, ಅದಕ್ಕೆ ದೋಷವಿಲ್ಲ. ನೀರುಕುದುರೆಗೆ ಹಗ್ಗದ ಈಟಿ ಹೊಡೆದು ಹೊಡೆದು ಸಾಯಿಸುವುದು ಏಕಾದಶಿಗೆ ನಡೆಯುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಅದಕ್ಕೆ ವಾಸನೆ ಇರುವುದಿಲ್ಲವಲ್ಲ, ನಡೀತದೆ ಎಂದರು. ಶಾಸ್ತ್ರದ ಇಂಥ ಸೂಕ್ಷ್ಮಗಳು ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ. ಕಡೆಗೆ ದಿನವನ್ನೇ ದ್ವಾದಶಿಗೆ ದೂಡಿದರು. ಮೀನಿಗೆ ಪರ್ಮಿಷನ್ ಸಿಕ್ಕಿತು.

ಅಧ್ಯಕ್ಷಿಣಿಯವರ ಕಷ್ಟ ಪಂಚಾಂಗದ ಜೊತೆ ಮುಗಿಯಿತು. ನನ್ನ ಕಷ್ಟ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಬಂದು ಕೂರುವುದಿತ್ತು. ಅಕ್ಕಾರು, ಅಂದರೆ ನಮ್ಮವರ ಅಕ್ಕ. ಎಂಬತ್ತಾರು ವರ್ಷ, ನನ್ನೊಂದಿಗೇ ಇರುವವರು, ಸಂಘದ ಒಂದು ಕಾರ್ಯಕ್ರಮವನ್ನೂ ಬಿಟ್ಟವರಲ್ಲ. ಮೀನಿನ ಬಗ್ಗೆ ಅವರಿಂದ ಒಂದು ವಿಷಯ ಮುಚ್ಚಿಡುತ್ತೇನೆ ಎಂದು ನಾನು ನನ್ನ ಗಂಡನಿಗೆ ಮಾತು ಕೊಟ್ಟು ನಲವತ್ತು ವರ್ಷದ ಮೇಲಾಗಿತ್ತು. ನಮ್ಮವರು ತೀರಿಕೊಂಡು ಆರು ವರ್ಷ. ಮಾತು ಮಾತ್ರ ತೀರಿಕೊಂಡಿರಲಿಲ್ಲ.

ನಮ್ಮವರು ನಾಚಾರಂನ ಒಂದು ಪಂಪು ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವಾರದ ಆರು ದಿನ ಕಬ್ಬಿಣ, ಎಣ್ಣೆ, ಯೂನಿಯನ್ನು. ಏಳನೆಯ ದಿನ ಬೆಳಕು ಹರಿಯುತ್ತಲೇ ಸ್ಕೂಟರಿನ ಹಿಂದೆ ಮಡಚುವ ಕುರ್ಚಿ ಕಟ್ಟಿಕೊಂಡು, ತಲೆಗೆ ಕ್ಯಾನ್ವಾಸ್ ಹ್ಯಾಟು ಇಟ್ಟುಕೊಂಡು, ಊರಾಚೆಯ ಕೆರೆಗೆ ಗಾಳ ಹಾಕಲು ಹೋಗುತ್ತಿದ್ದರು. ಈಜಿಪ್ಟಿನ ದೊಡ್ಡ ಮನುಷ್ಯರಲ್ಲೂ ಕೆಲವರು ತಮ್ಮ ತೋಟದ ಕೊಳದ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತು ಗಾಳ ಬಿಡುತ್ತಿದ್ದರು. ಚಿತ್ರ ನೋಡಿದಾಗ ನನಗೆ ಅನ್ನಿಸಿದ್ದು, ಆ ಮನುಷ್ಯನಿಗೆ ಒಂದು ಸ್ಕೂಟರ್ ಕೊಟ್ಟರೆ ಸಾಕು, ನಮ್ಮ ಮನೆಗೇ ಬಂದುಬಿಡುತ್ತಾನೆ.

ಶುದ್ಧ ಸಸ್ಯಾಹಾರದ ಮನೆಯಲ್ಲಿ ಗಾಳ ಹೇಗೆ ಬಂತು ಎಂದು ಕೇಳಬಹುದು. ಧರ್ಮದ ದಾರಿಯಲ್ಲೇ ಬಂತು. ಹಿಡಿಯುತ್ತೇನೆ, ಬಿಟ್ಟುಬಿಡುತ್ತೇನೆ ಎಂದು ನಮ್ಮವರು ಹೇಳಿದ್ದರು, ಅಕ್ಕಾರು ಒಪ್ಪಿದ್ದರು. ಭಾನುವಾರ ಮಧ್ಯಾಹ್ನ ಅವರು ಮರಳಿದಾಗ ಬಾಗಿಲಲ್ಲಿ ಕಾಲಿಗೆ ನೀರು ಹಾಕುತ್ತ ಅಕ್ಕಾರು ಎಷ್ಟು ಸಿಕ್ಕವು ಎಂದು ಕೇಳುವರು. ಮೂರು ಎಂದು ಇವರು. ಎಷ್ಟು ಬಿಟ್ಟಿ ಎಂದು ಅವರು. ಮೂರೂ ಎಂದು ಇವರು. ಪುಣ್ಯ ಬಂತು ಎಂದು ಅವರು. ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸಿ, ಆಮೇಲೆ ಅದನ್ನು ಕ್ಷಮಿಸಿ ಪುಣ್ಯ ಸಂಪಾದಿಸುವ ಈ ವಿಧಾನವನ್ನು ನಾನು ಬೇರೆ ಯಾವ ಧರ್ಮದಲ್ಲೂ ಕಾಣೆ.

ಮದುವೆಯಾದ ಮರುವರ್ಷ ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಹೊಸ ಹೆಂಡತಿ, ಪಿಕ್‌ನಿಕ್ ಎಂದುಕೊಂಡೆ. ರೇಷ್ಮೆ ಸೀರೆ, ಹೈ ಹೀಲ್ಸು, ಒಂದು ಕೊಡೆ. ಕೆರೆಯ ಏರಿಯ ಮೇಲೆ ಕೆಸರಿನಲ್ಲಿ ಹೀಲ್ಸು ಹೂತುಕೊಂಡು ಎರಡು ಗಂಟೆ ಅವರ ಬೆನ್ನ ಹಿಂದೆ ನಿಂತಿದ್ದೆ, ಪೋಸ್ಚರ್ ಕೆಡದ ಹಾಗೆ. ಗಾಳ ಜಗ್ಗಿದಾಗ ಅವರು ಮುಂದೆ ವಾಲಿದರು, ನಾನು ಗಾಬರಿಯಿಂದ ಸೊಂಟ ಹಿಡಿದೆ. ಬಂದದ್ದು ಒಂದು ಕೊರ್ರಮೀನು, ಹಾವಿನ ತಲೆಯಂಥ ತಲೆಯ, ಕಪ್ಪು ಬೆನ್ನಿನ ಮೀನು. ಈಗ ಬಿಡಿ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಮೀನನ್ನು ಎತ್ತಿಕೊಂಡು ಏರಿಯ ಕೆಳಗಿದ್ದ ಗುಡಿಸಲಿಗೆ ಸೀದಾ ನಡೆದರು. ಅಲ್ಲಿನ ಮೀನುಗಾರ ಹೆಂಗಸು ನೋಡಿದ್ದೇ ತಡ ಒಲೆಗೆ ಬಾಣಲೆ ಏರಿಸಿದಳು. ಇದು ಆಕೆಗೆ ಹೊಸ ವಿಷಯವಲ್ಲ ಎಂದು ಬಾಣಲೆಯೇ ಹೇಳಿತು.

ಖಾರ ಹಚ್ಚಿ ಕರಿದ ತುಂಡುಗಳನ್ನು ಸ್ಟೀಲಿನ ತಟ್ಟೆಯಲ್ಲಿ ಇಟ್ಟುಕೊಟ್ಟಳು. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ತಿಂದರು. ಮನೆಯಲ್ಲಿ ಅವರು ಊಟ ಮಾಡುವುದನ್ನು ನೋಡಿದ್ದೆ, ಅದು ಹಾಜರಿ ಹಾಕುವ ಹಾಗೆ. ಇಲ್ಲಿ ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಒಂದು ತುಂಡಿನ ಮುಳ್ಳು ಬಿಡಿಸಿ ಬಿಳಿಯ ಭಾಗವನ್ನು ನನ್ನ ಕಡೆ ಹಿಡಿದರು. ತಿನಮ್ಮಾ, ಏಂ ಕಾದು, ಏನೂ ಆಗುವುದಿಲ್ಲ ಎಂದು ಆ ಹೆಂಗಸೂ ನಕ್ಕಳು. ಶುಕ್ರವಾರ ಕಾನ್ವೆಂಟಿನ ಅಡುಗೆಮನೆಯಿಂದ ಮೀನಿನ ವಾಸನೆ ಬರುವಾಗ ನಾವು ಸಸ್ಯಾಹಾರಿ ಹುಡುಗಿಯರು ಹೇಗೆ ನಯವಾಗಿ ಬೇಡ ಎನ್ನಬೇಕು ಎಂಬುದನ್ನು ಸಿಸ್ಟರ್ ಕಲಿಸಿದ್ದರು. ನಾನು ನೋ, ಥ್ಯಾಂಕ್ ಯೂ ಎಂದೆ. ಗಂಡನಿಗೆ. ಕೆಸರಿನಲ್ಲಿ ನಿಂತು. ಇಂಗ್ಲಿಷಿನಲ್ಲಿ.

ಅವರು ಆ ತುಂಡನ್ನು ತಾವೇ ತಿಂದರು. ಕೈಗೆ ನಿಂಬೆ ಉಜ್ಜಿದರು, ಬಾಯಿಗೆ ಲವಂಗ ಹಾಕಿದರು. ಸ್ಕೂಟರ್ ಕಿಕ್ ಮಾಡುವ ಮೊದಲು ಒಂದೇ ಮಾತು.

"ಅಕ್ಕಗ ಗೊತ್ತಾಗಬಾರದು. ಆಕಿ ನನ್ನ ಸಲುವಾಗಿ ಏನೇನ ಬಿಟ್ಟಾಳ ನಿನಗ ಗೊತ್ತಿಲ್ಲ."

ಆಮೇಲೆ ಗೊತ್ತಾಯಿತು. ತಾಯಿ ಹೋದಾಗ ಇವರಿಗೆ ನಾಲ್ಕು ವರ್ಷ. ಅಕ್ಕಾರು ಹದಿನೇಳಕ್ಕೆ ವಿಧವೆಯಾಗಿ ತವರಿಗೆ ಬಂದವರು. ಇವರನ್ನು ಬೆಳೆಸಿದರು, ಓದಿಸಿದರು, ತಾವು ಒಪ್ಪತ್ತಿನ ಊಟಕ್ಕೆ ಇಳಿದರು, ರುಚಿಯಾದದ್ದನ್ನೆಲ್ಲ ಒಂದೊಂದಾಗಿ ಬಿಟ್ಟರು. ಅಷ್ಟನ್ನು ಬಿಟ್ಟವರ ಎದುರು ಇವರು ಮೀನೊಂದನ್ನು ಬಿಡಲಾರದೆ ಹೋಗಿದ್ದು ಇವರಿಗೆ ನಾಚಿಕೆ. ಅದಕ್ಕೇ ಪ್ರತಿ ಭಾನುವಾರ ಮೂರಕ್ಕೆ ಮೂರನ್ನೂ ಬಾಗಿಲಲ್ಲಿ ನಿಂತು ಬಿಡುತ್ತಿದ್ದರು.

ನಾನು ಮಾತು ಉಳಿಸಿಕೊಂಡೆ. ಅವರು ತೀರಿಕೊಂಡು ಮೊದಲನೆಯ ವರ್ಷದ ಶ್ರಾದ್ಧಕ್ಕೆ ಅಕ್ಕಾರು ಅಡುಗೆಯ ಪಟ್ಟಿ ಬರೆಯಲು ಕುಳಿತರು. ನಮ್ಮಲ್ಲಿ ಹೋದವರಿಗೆ ಏನು ಸೇರುತ್ತಿತ್ತೋ ಅದನ್ನು ಎಲೆಗೆ ಬಡಿಸಬೇಕು. ಅವನಿಗೆ ಭಾಳ ಸೇರುವುದು ಏನು ಎಂದು ನನ್ನನ್ನು ಕೇಳಿದರು. ಹೆಂಡತಿಗೆ ಗೊತ್ತಿರಬೇಕಲ್ಲ. ನನ್ನ ಕಣ್ಣ ಮುಂದೆ ಸ್ಟೀಲಿನ ತಟ್ಟೆ ಬಂತು. ಹೋಳಿಗೆ ಎಂದೆ. ಬದುಕಿದ್ದಾಗ ಹೋಳಿಗೆ ಎಂದರೆ ಮುಖ ಕಿವುಚುತ್ತಿದ್ದ ಮನುಷ್ಯ. ಐದು ವರ್ಷ ಎಲೆಯ ಮೇಲೆ ಎರಡೆರಡು ಹೋಳಿಗೆ, ಮೇಲೆ ತುಪ್ಪ. ಸತ್ತವರಿಗೆ ಎದ್ದು ಹೋಗುವ ಸೌಕರ್ಯವಿಲ್ಲ.

ಇದು ಹಿನ್ನೆಲೆ. ಈಗ ಉಪನ್ಯಾಸಕ್ಕೆ ಬರುತ್ತೇನೆ.

ಸಭೆಗೆ ಮೂವತ್ತು ಜನ ಹೆಂಗಸರು, ಅದರಲ್ಲಿ ಇಪ್ಪತ್ತು ಜನ ಉಪ್ಪಿಟ್ಟಿಗೆ. ಚಿತ್ರಗಳನ್ನು ಪರದೆಯ ಮೇಲೆ ಮೂಡಿಸಲು ಲಿಂಗಂಪಲ್ಲಿಯಿಂದ ಲೋಕಲ್ ಟ್ರೇನ್ ಹಿಡಿದು ಒಬ್ಬ ಹುಡುಗಿ ಬಂದಿದ್ದಳು. ಮಂಗಳೂರಿನ ಕಡೆಯವಳು, ಐಟಿ ಕೆಲಸ. ಲ್ಯಾಪ್‌ಟಾಪಿನ ಮೇಲೆ ಬಂಗುಡೆ ಮೀನಿನ ಸ್ಟಿಕ್ಕರ್ ಅಂಟಿಸಿದ್ದಳು. ಅಧ್ಯಕ್ಷಿಣಿಯವರು ಅದರ ಮೇಲೆ ಕರವಸ್ತ್ರ ಮುಚ್ಚಿದರು.

ನಾನು ಚೆನ್ನಾಗಿಯೇ ಮಾತಾಡಿದೆ ಎನ್ನಬೇಕು. ಮರಳುಗಾಡಿನ ಬೇಟೆಗೆ ಮೊದಲು ಆಳುಗಳು ಬಲೆಯ ಬೇಲಿ ಕಟ್ಟಿ ಜಿಂಕೆಗಳನ್ನು ಒಳಗೆ ಅಟ್ಟುತ್ತಿದ್ದರು, ಆಮೇಲೆ ಯಜಮಾನರು ಬಂದು ಶೌರ್ಯ ತೋರಿಸುತ್ತಿದ್ದರು ಎಂದಾಗ ಸಭೆ ಗಂಡಂದಿರನ್ನು ನೆನೆದು ನಕ್ಕಿತು. ಬಾತುಗಳ ಬಲೆಯದು ಇನ್ನೂ ಚೆಂದ. ಜೊಂಡಿನಲ್ಲಿ ಅವಿತ ಒಬ್ಬ ಮಾತಾಡದೆ ಬಟ್ಟೆಯ ತುಂಡೊಂದನ್ನು ಅಗಲಿಸಿ ಹಿಡಿಯುತ್ತಾನೆ. ಅದೇ ಸನ್ನೆ. ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಹಿಂದಕ್ಕೆ ಬೀಳುತ್ತಾರೆ, ಬಲೆ ಮುಚ್ಚಿಕೊಳ್ಳುತ್ತದೆ. ಗೋಡೆಯ ಕೆಳಸಾಲಿನಲ್ಲಿ ಸಣ್ಣದಾಗಿ ಬರೆದ ಈ ಜನರೇ ಊರಿಗೆಲ್ಲ ಮೀನು ಹಿಡಿದು, ಸೀಳಿ, ಒಣಗಿಸುತ್ತಿದ್ದವರು. ಅವರ ತಲೆಯ ಮೇಲೆ ಅವರ ಬೈಗುಳವನ್ನೂ ತಮಾಷೆಯನ್ನೂ ಬರೆದಿದ್ದಾರೆ. ಯಜಮಾನರ ತಲೆಯ ಮೇಲೆ ಬಿರುದುಗಳು ಮಾತ್ರ. ಆಮೇಲೆ ದೋಣಿಯ ಚಿತ್ರ ಬಂತು. ಹಾರುವ ಹಕ್ಕಿಯನ್ನು ಹಿಡಿದ ಬೆಕ್ಕನ್ನು ನೋಡಿ ಎಲ್ಲರೂ ಅಯ್ಯ ಎಂದರು. ಸೊಂಟ ಹಿಡಿದ ಹೆಂಡತಿಯ ಬಗ್ಗೆ ಅಕ್ಕಾರು ಪಕ್ಕದವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು.

"ನಮ್ಮ ಕಾನ್ವೆಂಟ್ ಹಿಂಗ ನಿಂದರತಿದ್ಳು."

ಕಾನ್ವೆಂಟ್ ಎಂದರೆ ನಾನು. ಮದುವೆಯಾಗಿ ಬಂದ ದಿನದಿಂದ ಅವರು ನನ್ನನ್ನು ಕರೆಯುವ ಹೆಸರು. ಆದರೆ ನಾನು ಹಿಂಗೆ ನಿಂತದ್ದು ಒಂದೇ ಸಲ, ಕೆರೆಯ ಏರಿಯ ಮೇಲೆ. ಅಕ್ಕಾರು ಅಲ್ಲಿರಲಿಲ್ಲ. ಆ ಕ್ಷಣ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಚಪ್ಪಾಳೆಯ ಕಡೆ ಗಮನ.

ಪ್ರಶ್ನೆಗಳ ಹೊತ್ತು. ಯಾರೂ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನಮ್ಮ ಸಂಘ ನಡೆಯುತ್ತದೆ. ಲ್ಯಾಪ್‌ಟಾಪಿನ ಹುಡುಗಿ ಕೈ ಎತ್ತಿದಳು.

"ಆಂಟಿ, ಇಷ್ಟೆಲ್ಲ ಮೀನು ಹಿಡಿದ್ರಲ್ಲ, ಕಡೆಗೆ ತಿಂದದ್ದು ಯಾರು ಮಾರಾಯ್ರೆ?"

ಹಸಿದ ಪ್ರಶ್ನೆ, ಪ್ರಾಮಾಣಿಕ ಪ್ರಶ್ನೆ. ಬಡವರು ತಿನ್ನುತ್ತಿದ್ದರು ಎಂದೆ. ಕೂಲಿಗೆ ಬದಲು ಮೀನು ಸಿಗುತ್ತಿತ್ತು. ದೊಡ್ಡವರೂ ಬಹುಶಃ ತಿನ್ನುತ್ತಿದ್ದರು, ಆದರೆ ಹೇಳಿಕೊಳ್ಳುವಂತಿರಲಿಲ್ಲ. ಪುರೋಹಿತರಿಗೆ ಮೀನು ನಿಷಿದ್ಧ. ಮೀನು ತಿಂದು ಬಂದ ಸಾಮಂತರನ್ನು ಅರಮನೆಯ ಹೊಸ್ತಿಲು ದಾಟಲು ಬಿಡದ ರಾಜನೊಬ್ಬನಿದ್ದ. ಅವರ ಲಿಪಿಯಲ್ಲಿ ಅಸಹ್ಯ ಎಂದು ಬರೆಯಬೇಕಾದರೆ ಮೀನಿನ ಚಿತ್ರ ಬಿಡಿಸುತ್ತಿದ್ದರು. ಸಭೆಯಲ್ಲಿ ಸಮಾಧಾನದ ಗುಜುಗುಜು ಎದ್ದಿತು. ಈಜಿಪ್ಟಿನವರು ನಮ್ಮವರೇ ಎಂಬ ಅನುಮಾನ ಕೆಲವರಿಗೆ ಮೊದಲಿನಿಂದಲೂ ಇತ್ತು.

ಹುಡುಗಿ ಬಿಡಲಿಲ್ಲ. ಹಾಗಾದರೆ ಸತ್ತವರಿಗೆ ಇಡುವಾಗ ಮೀನು ಇಡುತ್ತಿದ್ದರೋ ಇಲ್ಲವೋ ಎಂದಳು. ಸಾಮಾನ್ಯವಾಗಿ ಇಲ್ಲ ಎಂದೆ. ಸತ್ತವರ ಎದುರಿನ ಗೋಡೆಯಲ್ಲಿ ಎಡೆಯ ದೊಡ್ಡ ಪಟ್ಟಿಯೇ ಇರುತ್ತದೆ. ರೊಟ್ಟಿ, ಬಿಯರ್, ಎತ್ತಿನ ತೊಡೆ, ಬಾತು, ಅಂಜೂರ, ಹೋಳಿಗೆ. ಪಟ್ಟಿ ಹೇಳುತ್ತ ಹೇಳುತ್ತ ನಾಲಿಗೆ ತಾನಾಗಿ ಹೋಳಿಗೆ ಎಂದುಬಿಟ್ಟಿತು. ಯಾರೂ ಬೆಚ್ಚಲಿಲ್ಲ. ಫೆರೋಗಳು ಹೋಳಿಗೆ ತಿನ್ನುತ್ತಿದ್ದರು ಎನ್ನುವುದು ನಮ್ಮ ಸಭೆಗೆ ಅಚ್ಚರಿಯಾಗಲಿಲ್ಲ, ಹೆಮ್ಮೆಯಾಯಿತು. ಮೀನು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ ಎಂದು ಮುಗಿಸಿದೆ.

"ಪಾಪ ಅಲ್ವಾ ಆಂಟಿ," ಎಂದಳು ಹುಡುಗಿ. "ಗೋಡೆ ತುಂಬ ಮೀನು ಹಿಡಿಯುದು. ಬಟ್ಟಲಲ್ಲಿ ಒಂದು ತುಂಡಿಲ್ಲ."

ಕಾನ್ವೆಂಟಿನವರು ಎಲ್ಲಕ್ಕೂ ಒಂದು ನಯವಾದ ವಾಕ್ಯ ಕಲಿಸಿ ಕಳಿಸಿದ್ದರು, ಇದಕ್ಕೆ ಕಲಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿದೆ. ಅಕ್ಕಾರ ಕೈಯಲ್ಲಿ ಸದಾ ತಿರುಗುವ ಜಪಮಣಿ ನಿಂತಿತ್ತು. ಅವರು ಪರದೆಯ ಮೇಲಿನ ಎರಡು ಮೀನುಗಳನ್ನು ನೋಡುತ್ತಿದ್ದರು. ಅಧ್ಯಕ್ಷಿಣಿಯವರು ಸಮಯ ನೋಡಿ, ಇಂಥ ಜ್ಞಾನಪೂರ್ಣ ವಿಷಯದಿಂದ ನಾವು ಕಲಿಯಬೇಕಾದ ನೀತಿ ಅಹಿಂಸೆ ಎಂದು ವಂದನಾರ್ಪಣೆ ಮಾಡಿದರು. ಉಪ್ಪಿಟ್ಟು ಬಂತು.

ಆಟೋದಲ್ಲಿ ಅಕ್ಕಾರು ಜಪಮಣಿಯನ್ನು ಸಂಚಿಗೆ ಹಾಕಿಬಿಟ್ಟರು. ಮನೆಗೆ ಬಂದು ನೇರ ದೇವರ ಮುಂದೆ ಕುಳಿತರು. ಹತ್ತು ದಿನ ಬಿಟ್ಟು ಶ್ರಾದ್ಧ. ಆ ಹತ್ತು ದಿನ ನಾನು ಬೆಕ್ಕು ಕಂಡ ಬಾತಿನ ಹಾಗೆ ಓಡಾಡಿದೆ. ಅವರಿಗೆ ಅನುಮಾನ ಬಂದಿದ್ದರೆ, ತಮ್ಮ ತಮ್ಮನ ಪುಣ್ಯದ ಭಾನುವಾರಗಳೆಲ್ಲ ಸುಳ್ಳು ಎಂದು ಈ ವಯಸ್ಸಿನಲ್ಲಿ ಗೊತ್ತಾದರೆ, ಅದಕ್ಕೆ ಕಾರಣ ನನ್ನ ಬಾಯಿ. ಸತ್ತವರ ಮಾನ ಕಾಯುವ ಕೆಲಸ ಒಂದನ್ನು ಅವರು ಬಿಟ್ಟು ಹೋಗಿದ್ದರು, ಅದನ್ನೂ ಪವರ್‌ಪಾಯಿಂಟ್‌ನಲ್ಲಿ ಹಾಳು ಮಾಡಿದೆ.

ಶ್ರಾದ್ಧದ ಹಿಂದಿನ ದಿನ ಮಧ್ಯಾಹ್ನ ಅಕ್ಕಾರು ಎಂದಿನಂತೆ ಕ್ಯಾಲೆಂಡರಿನ ಹರಿದ ಹಾಳೆಯ ಬೆನ್ನಿಗೆ ಪಟ್ಟಿ ಬರೆಯಲು ಕುಳಿತರು. ಅವನಿಗೆ ಸೇರುವುದು ಏನು ಹೇಳು ಎಂದರು. ಎಂದಿನಂತೆ ನಾನು ಹೋಳಿಗೆ ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಅವಗ ಹೋಳಿಗಿ ಸೇರತಿದ್ದಿಲ್ಲ. ಸಣ್ಣಾವಿದ್ದಾಗಿಂದ ಹೂರಣ ತಗದು ನಾಯಿಗೆ ಹಾಕತಿದ್ದ. ಅವನ್ನ ಬೆಳಸಿದಾಕಿ ನಾನೋ ನೀನೋ?"

ಹಾಗಿದ್ದರೆ ಪ್ರತಿ ವರ್ಷ ನನ್ನನ್ನು ಯಾಕೆ ಕೇಳಿದರು ಎಂದು ಕೇಳಲೂ ಧೈರ್ಯವಿಲ್ಲ. ಅವರೇ ಹೇಳಿದರು. ನೀನು ಎಂದಾದರೂ ನಿಜ ಹೇಳುತ್ತೀಯೇನೋ ಎಂದು ನೋಡುತ್ತಿದ್ದೆ ಎಂದರು. ಐದು ವರ್ಷವೂ ಹೋಳಿಗೆ ಎಂದೆಯಲ್ಲ, ಹಟ ಮೆಚ್ಚಿದೆ ಎಂದರು.

"ಅವನ ಐತವಾರದ ಅಂಗಿ ಒಗದಾಕಿ ನಾ. ನಿಂಬಿಹಣ್ಣ ತಿಕ್ಕಿದ್ರ ಕೈ ವಾಸನಿ ಹೋಗತೈತಿ. ಅಂಗೀದು ಹೋಗೂದಿಲ್ಲ."

ಭಾನುವಾರದ ಅಂಗಿಗೆ ಅವರು ಬೇರೆಯದೇ ಬಕೆಟ್ ಇಟ್ಟಿದ್ದರು. ನಲವತ್ತು ವರ್ಷ ಹಿತ್ತಲಿನಲ್ಲಿ ಅದು ಬೇರೆ ಮೂಲೆಯಲ್ಲಿ ಇರುವುದನ್ನು ನಾನು ನೋಡಿದ್ದೆ. ಕೆರೆಯ ಕೆಸರಿಗೆ ಎಂದುಕೊಂಡಿದ್ದೆ. ಏರಿಯ ಮೇಲೆ ನಾನು ಸೊಂಟ ಹಿಡಿದು ನಿಂತದ್ದನ್ನೂ ನಮ್ಮವರೇ ನಗುತ್ತ ಅಕ್ಕಾರಿಗೆ ಹೇಳಿದ್ದರಂತೆ, ಬಾಣಲೆಯೊಂದನ್ನು ಬಿಟ್ಟು. ನಮ್ಮವರು ಲವಂಗ ಅಗಿಯುತ್ತ ಬಂದು ಮೂರಕ್ಕೆ ಮೂರೂ ಬಿಟ್ಟೆ ಎನ್ನುತ್ತಿದ್ದರು, ಅಕ್ಕಾರು ಪುಣ್ಯ ಬಂತು ಎನ್ನುತ್ತ ಅಂಗಿ ಇಸಿದುಕೊಂಡು ಆ ಬಕೆಟಿಗೆ ಹಾಕುತ್ತಿದ್ದರು, ನಾನು ನಡುವೆ ನಿಂತು ಇಬ್ಬರ ಮಾನವನ್ನೂ ಕಾಯುತ್ತಿದ್ದೆ. ಇಡೀ ಮನೆಯಲ್ಲಿ ಮೋಸಹೋದವಳು ಯಾರು ಎಂದು ಲೆಕ್ಕ ಹಾಕಿದರೆ, ಬಹಳ ಇಂಗ್ಲಿಷು ಓದಿದವಳು.

ಯಾಕೆ ಅವರಿಗೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಬಿಟ್ಟುಬಿಡುತ್ತಿದ್ದ ಎಂದರು ಅಕ್ಕಾರು. ಈ ಮನೆಯಲ್ಲಿ ಬಿಡುವವಳು ನಾನೊಬ್ಬಳು ಇದ್ದೆನಲ್ಲ, ಸಾಕಾಗಿತ್ತು.

ಆಮೇಲೆ ಪೆನ್ಸಿಲ್ ಎತ್ತಿಕೊಂಡು ಹೋಳಿಗೆಗೆ ಅಡ್ಡಗೆರೆ ಎಳೆದರು. ಎಲೆಗೆ ಮೀನು ಬರುತ್ತದೇನೋ ಎಂಬ ಹುಚ್ಚು ಯೋಚನೆ. ಅವರಿಗೆ ಅದು ಮುಖದಲ್ಲೇ ಕಂಡಿರಬೇಕು. ಅದು ಆಗುವುದಿಲ್ಲ ಎಂದರು. ಅಡುಗೆಮನೆ ತಮ್ಮದಲ್ಲ, ಹಿರಿಯರದು. ಖಾರದ ಬದನೆಕಾಯಿ ಎಂದು ಬರೆದರು, ಕರಿದದ್ದು ಎಂದು ಪಕ್ಕದಲ್ಲಿ. ಕೆಳಗೆ ಇನ್ನೊಂದು ಸಾಲು ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಪಿಂಡ ಬಿಡುವುದು: ಅವನ ಕೆರೆಯಲ್ಲಿ.

ಪ್ರತಿ ವರ್ಷ ಪಿಂಡವನ್ನು ಹಸುವಿಗೆ ಕೊಡುತ್ತಿದ್ದೆವು. ನೀರಿಗೆ ಬಿಡುವುದಕ್ಕೂ ಶಾಸ್ತ್ರ ಒಪ್ಪುತ್ತದೆ. ಎಲ್ಲ ಒಪ್ಪುತ್ತದೆ, ಯಾವುದನ್ನು ಎಲ್ಲಿ ಕೇಳಬೇಕು ಎನ್ನುವುದು ಗೊತ್ತಿರಬೇಕು.

ಮರುದಿನ ಶ್ರಾದ್ಧ ಮುಗಿದ ಮೇಲೆ ನಮ್ಮ ಮಗ ತನ್ನ ಅಂಗಡಿಗೆ ರಜೆ ಹಾಕಿ ನಮ್ಮನ್ನು ಕಾರಿನಲ್ಲಿ ಕರೆದೊಯ್ದ. ಹಸುವನ್ನು ಬಿಟ್ಟು ಇಷ್ಟು ದೂರ ಯಾಕೆ ಎಂದು ಅವನು ಕೇಳಿದ. ನಿಮ್ಮಪ್ಪ ಇಲ್ಲಿ ಭಾಳ ಪುಣ್ಯ ಮಾಡಿದಾನೆ ಎಂದರು ಅಕ್ಕಾರು, ನನ್ನ ಕಡೆ ನೋಡದೆ.

ಕೆರೆಯ ಸುತ್ತ ಈಗ ಲೇಕ್ ವ್ಯೂ ಎನ್ನುವ ಗೋಪುರಗಳು. ಲೇಕ್ ಚಿಕ್ಕದಾಗಿದೆ, ವ್ಯೂ ದೊಡ್ಡದಾಗಿದೆ. ಗುಡಿಸಲಿನ ಜಾಗದಲ್ಲಿ ಸೆಕ್ಯೂರಿಟಿಯವನ ಡಬ್ಬಿ. ನೀರಿಗಿಳಿಯುವ ಮೆಟ್ಟಿಲು ಮಾತ್ರ ಹಾಗೇ ಇದ್ದವು, ಪಾಚಿ ಸಮೇತ. ಮಗ ಮಂಡಿಯುದ್ದ ನೀರಿಗಿಳಿದು ಪಿಂಡ ಬಿಟ್ಟು ಕೈ ಮುಗಿದ. ನೀರು ಅಲುಗಲಿಲ್ಲ. ಅವನು ಮೇಲೆ ಬಂದು ಕಾಲೊರೆಸಿಕೊಳ್ಳಲು ಕಾರಿನ ಕಡೆ ಹೋದ.

ಅಕ್ಕಾರು ಹೋಗಲಿಲ್ಲ. ಒಂದು ಮೆಟ್ಟಿಲು ಇಳಿದರು, ಮತ್ತೊಂದು. ಕಡೆಯ ಮೆಟ್ಟಿಲಿನಲ್ಲಿ ನಿಂತು ನೀರಿನ ಮೇಲೆ ಬಾಗಿದರು. ನಾನು ಶ್ರಾದ್ಧದ ರೇಷ್ಮೆಸೀರೆಯಲ್ಲಿ, ಮೊಣಕಾಲಿನ ಬೆಲ್ಟಿನ ಸಮೇತ, ಓಡಿಹೋಗಿ ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ. ಹಕ್ಕಿಯ ಸೊಂಟ, ಎಲುಬಷ್ಟೇ. ಪಕ್ಕದ ಗೋಪುರದ ಬಾಲ್ಕನಿಯಿಂದ ಯಾರೋ ನಮ್ಮ ಫೋಟೊ ತೆಗೆಯುತ್ತಿದ್ದರು. ಪೋಸ್ಚರ್ ಸರಿ ಮಾಡಿಕೊಂಡೆ.

ಮೊದಲು ಒಂದು ಗುಳ್ಳೆ. ಆಮೇಲೆ ಕಪ್ಪು ಬೆನ್ನು, ಹಾವಿನಂಥ ತಲೆ. ಅದರ ಹಿಂದೆ ಇನ್ನೊಂದು. ಅನ್ನದ ಮುದ್ದೆ ಅರ್ಧಕ್ಕೆ ಒಡೆದು ಸುತ್ತ ಬಿಳಿ ಹರಡಿತು, ನೀರು ಕುದಿಯುವ ಹಾಗೆ ಮೀನು ಎದ್ದವು. ಅಕ್ಕಾರು ಅವುಗಳ ಜೊತೆ ಮಾತಾಡಿದ್ದು, ಪಂಕ್ತಿಯಲ್ಲಿ ಬಡಿಸುವಾಗ ಮಾತಾಡುವ ದನಿಯಲ್ಲಿ.

"ತಿನ್ರಿ, ತಿನ್ರಿ. ಅವ ನಿಮ್ಮನ್ನ ಭಾಳ ತಿಂದಾನ."

ಕೊನೆಯ ಅಗುಳು ಮುಳುಗುವವರೆಗೂ ಅವರು ನಿಂತರು, ನಾನು ಹಿಡಿದುಕೊಂಡಿದ್ದೆ. ಮೇಲೆ ಹತ್ತುವಾಗ ಅರ್ಧ ದಾರಿಯಲ್ಲಿ ಉಸಿರಿಗೆ ನಿಂತು, ಮಗ ದೂರದಲ್ಲಿರುವುದನ್ನು ನೋಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದರು.

"ಏ ಕಾನ್ವೆಂಟ್, ರುಚಿ ಇರತೈತೇನು ಅದು?"

ಗೊತ್ತಿಲ್ಲ ಎಂದೆ. ಒಂದು ಸಲ ಅವರು ಮುಳ್ಳು ಬಿಡಿಸಿ ಕೊಟ್ಟಿದ್ದರು, ನಾನು ಬೇಡ ಎಂದಿದ್ದೆ. ಇಂಗ್ಲಿಷಿನಲ್ಲಿ ಎಂಬುದನ್ನು ಹೇಳಲಿಲ್ಲ.

ಅಕ್ಕಾರು ನನ್ನ ಕಡೆ ತಿರುಗಿದರು.

"ನಲವತ್ತ ವರ್ಷ ಅವನ ಸಲುವಾಗಿ ಸುಳ್ಳ ಹೇಳಿದಿ," ಎಂದರು. "ಒಂದ ತುಂಡ ತಿನ್ನಾಕ ಆಗಲಿಲ್ಲ ನಿನಗ, ಹುಚ್ಚಿ."

ನನ್ನ ತೋಳು ಹಿಡಿದುಕೊಂಡು ಉಳಿದ ಮೆಟ್ಟಿಲು ಹತ್ತಿದರು. ಕಾರಿನಲ್ಲಿ ತಮ್ಮ ಸಂಚಿಯಿಂದ ಒಂದು ಲವಂಗ ತೆಗೆದು ನನ್ನ ಕೈಗೆ ಹಾಕಿದರು. ಒಂದು ತಾವು ಹಾಕಿಕೊಂಡರು. ಮನೆ ಬರುವವರೆಗೂ ಇಬ್ಬರೂ ಅಗಿಯುತ್ತ ಕುಳಿತಿದ್ದೆವು, ಕದ್ದು ತಿಂದು ಬಂದವರ ಹಾಗೆ.